ಸುತ್ತಿಗೆಗೂ ನೆರಳಿಗೂ

ಬೀರುವಿನ ಕನ್ನಡಿಯೆದುರು ಬರೀ ಬನಿಯನ್ನಿನಲ್ಲಿ ನಿಂತು, ಎರಡೂ ಮುಷ್ಟಿ ಬಿಗಿದು, ಬಲಗೈಯನ್ನು ಹಿಂದಕ್ಕೆಳೆದು, ಅದನ್ನು ಎದುರಿನವನ ದವಡೆಗೆ ಇಳಿಸುವುದೋ ಗಾಳಿಯಲ್ಲೇ ಬಿಡುವುದೋ ಎಂದು ಪೇಂಟರ್ ತಲೆ ಕೆಡಿಸಿಕೊಂಡಿದ್ದಾಗ ಹೆಂಡತಿ ಒಣಗಿದ ಬಟ್ಟೆಗಳ ರಾಶಿ ಹೊತ್ತುಕೊಂಡು ಒಳಗೆ ಬಂದಳು. ಅವಳಿಗೆ ಇದೇನೂ ಹೊಸದಲ್ಲ. ಕೆಲವು ವಾರಗಳಿಂದ ಆ ಬೀರು ಬೆಳಗಾದರೆ ಒಬ್ಬ ಬಾಕ್ಸರನ ಮುಖ ನೋಡಿಯೇ ಏಳುತ್ತಿತ್ತು. "ಯಾರು ಗೆಲ್ತಾ ಇದ್ದಾರೆ?" ಎಂದಳು, ರಾಶಿಯನ್ನು ಮಂಚದ ಮೇಲೆ ಸುರಿಯುತ್ತಾ. "ಇನ್ನೂ ಗೊತ್ತಾಗಿಲ್ಲ" ಎಂದ. "ಸಂಜೆ ನಿಮ್ಮ ಚಿತ್ರದ ಮುಂದಿನ ಪರದೆ ಎಳೀತಾರೆ. ಅಷ್ಟರೊಳಗೆ ಗೊತ್ತು ಮಾಡ್ಕೊಳ್ಳಿ. ನಮ್ಮಪ್ಪನ ಕೈ ಎಲ್ಲಿ ಬೀಳಬೇಕು ಅಂತ ನಾನೇನೂ ಹೇಳಲ್ಲಪ್ಪ" ಎಂದು ಒಂದು ದಿಂಬಿನ ಚೀಲವನ್ನು ಎತ್ತಿ ಪಟ್ಟೆಂದು ಒದರಿದಳು. ಅದು ದವಡೆಗೆ ಬಿದ್ದ ಹಾಗೇ ಕೇಳಿಸಿತು. ಪೇಂಟರ್ ಕಣ್ಣು ಮುಚ್ಚಿಕೊಂಡ.

ಅವನ ಕಷ್ಟವೇ ಅದು. ಹೊಡೆತ ಬೀಳುವ ಗಳಿಗೆಯಲ್ಲಿ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೇಳಿ ಕೇಳಿ ಬಾಕ್ಸರನ ಮಗಳನ್ನು ಕಟ್ಟಿಕೊಂಡವನು, ಮಾವನ ಪಕ್ಕದಲ್ಲಿ ಕೂತು ಎಷ್ಟು ಪಂದ್ಯ ನೋಡಿದ್ದನೋ ಲೆಕ್ಕವಿಲ್ಲ, ಆದರೆ ನೋಡಿದ್ದೆಲ್ಲ ಹೊಡೆತಕ್ಕೆ ಮುಂಚಿನದು ಮತ್ತು ಆಮೇಲಿನದು. ನಡುವಿನದನ್ನು ಜನರ ಕೂಗಿನಿಂದ ಊಹಿಸಿಕೊಂಡು "ಅಬ್ಬಾ, ಏನು ಹೊಡೆತ" ಎನ್ನುತ್ತಿದ್ದ, ಕೆಲವು ಸಲ ಹೊಡೆತವೇ ಬಿದ್ದಿರದಿದ್ದಾಗಲೂ. ಆಗ ಮಾವ ನಿಧಾನವಾಗಿ ತಿರುಗಿ ಅವನನ್ನೊಮ್ಮೆ ನೋಡುತ್ತಿದ್ದರು. ಆ ನೋಟ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಂಥವನಿಗೆ ಬಾಕ್ಸಿಂಗ್ ಕ್ಲಬ್ಬಿನವರು ತಮ್ಮ ದೊಡ್ಡ ಗೋಡೆಯನ್ನು ಒಪ್ಪಿಸಿ, ನಡೆಯದೇ ಹೋದ ಒಂದು ಪಂದ್ಯದ ಚಿತ್ರ ಬರೆದುಕೊಡು ಎಂದಿದ್ದರು. ಸುತ್ತಿಗೆಗೂ ನೆರಳಿಗೂ ಪಂದ್ಯ. ಸುತ್ತಿಗೆ ಎಂದರೆ ಮಾವ. ಅವರ ಬಲಗೈ ತಗಲಿದ ಮೇಲೆ ಎದ್ದು ನಿಂತವರನ್ನು ಯಾರೂ ಕಂಡಿರಲಿಲ್ಲ. ನೆರಳು ಎಂದರೆ ಮಾವ ಕೈಗವಸು ಕಳಚಿಟ್ಟ ಎಷ್ಟೋ ಕಾಲದ ಮೇಲೆ ಬಂದ ಎಡಚ. ಅವನ ಮುಖಕ್ಕೆ ಸರಿಯಾಗಿ ಒಂದು ಏಟು ಕೊಟ್ಟೆ ಎಂದು ಎದೆ ತಟ್ಟಿ ಹೇಳುವವರು ಸಿಗುತ್ತಿರಲಿಲ್ಲ. ಸುತ್ತಿಗೆ ಕೊನೆಯ ಪಂದ್ಯ ಗೆದ್ದಾಗ ನೆರಳು ಇನ್ನೂ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ. ಹಾಗಾಗಿ ಇಬ್ಬರೂ ಎದುರುಬದುರಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಊರಿನವರು ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಜಗಿಯುತ್ತಾ ಬಂದಿದ್ದರು. ತಗಲಿದರೆ ಉಳಿಸದ ಕೈ, ಯಾವ ಕೈಗೂ ಸಿಗದ ಮುಖ. ಈಗ ಆ ಪ್ರಶ್ನೆ ಪೇಂಟರನ ತಲೆಯೊಳಗೆ ಬಂದು ಹಾಸಿಗೆ ಹಾಸಿಕೊಂಡು ಮಲಗಿತ್ತು.

ಬೀದಿಗಿಳಿದರೆ ಸಾಕು, ಹಿಡಿದುಕೊಳ್ಳುತ್ತಿದ್ದರು. ಕಬ್ಬಿಣದಂಗಡಿಯವನು ಮೊಳೆ ತೂಗುವುದನ್ನು ನಿಲ್ಲಿಸಿ "ನಿಮ್ಮ ಮಾವನ್ನ ಸೋಲಿಸಿದ್ರೆ ಈ ಅಂಗಡಿ ಮೆಟ್ಟಿಲು ಹತ್ತಬೇಡಿ" ಎಂದ. ಕ್ಲಬ್ಬಿನ ಕೋಚಮ್ಮ, ಯಾವಾಗಲೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುವವಳು, ಇದಕ್ಕೆ ಉಲ್ಟಾ. "ಮಕ್ಕಳು ನೆರಳಿನ ಹಾಗೆ ಆಡೋದು ಕಲೀತಿದ್ದಾರೆ. ಅವನ ಮೂತಿ ಊದಿಸಿ ಗೋಡೆ ಮೇಲೆ ಹಾಕಿದ್ರೆ ಯಾವ ತಾಯಿ ಮಕ್ಕಳನ್ನ ಕಳಿಸ್ತಾಳೆ?" ಎಂದಿದ್ದಳು. ಪೇಂಟರ್ ಎಲ್ಲರಿಗೂ ಹೂಂಗುಟ್ಟುತ್ತಿದ್ದ. ಅವನಿಗೆ ಇವರ್ಯಾರೂ ಮುಖ್ಯವಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವ ಅವನ ಕೈಯನ್ನು ತಮ್ಮ ಬಲಗೈಯಲ್ಲಿ ಎತ್ತಿ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಾತಿಲ್ಲದೆ ವಾಪಸ್ಸು ಕೊಟ್ಟಿದ್ದರು, ಅಂಗಡಿಯಲ್ಲಿ ಸೌತೆಕಾಯಿ ನೋಡಿ ಬೇಡವೆಂದು ಇಟ್ಟ ಹಾಗೆ. ಆಮೇಲಿಂದ ಯಾರಿಗೇ ಪರಿಚಯಿಸಲಿ, "ಇವರು ನನ್ನ ಮಗಳ ಗಂಡ" ಎನ್ನುತ್ತಿದ್ದರು. ಅಳಿಯ ಎಂಬ ಮಾತು ಆ ಬಾಯಿಂದ ಬಂದದ್ದೇ ಇಲ್ಲ. ತಪ್ಪೇನೂ ಅಲ್ಲ, ಮಗಳ ಗಂಡ ಮಗಳ ಗಂಡನೇ. ಆದರೂ ಆ ಎರಡು ಮಾತಿನ ನಡುವಿನ ಅಂತರವನ್ನು ಅವನು ಮದುವೆಯಾದಾಗಿನಿಂದ ನಡೆದು ನಡೆದು ಸುಸ್ತಾಗಿದ್ದ. ಕೂದಲು ನೆರೆಯುತ್ತಿರುವ ಗಂಡಸು, ಮಾವನ ಬಾಯಿಂದ ಒಂದು ಮಾತಿಗಾಗಿ ಆಸೆ ಪಡುವುದು ನಾಚಿಕೆಗೇಡು ಎಂದು ಗೊತ್ತಿತ್ತು. ಆಸೆ ಮಾತ್ರ ಹೋಗುತ್ತಿರಲಿಲ್ಲ.

ಕ್ಲಬ್ಬಿನ ಹಜಾರದಲ್ಲಿ ಚರ್ಮದ ಚೀಲಗಳ ವಾಸನೆಯೂ ಹಸಿ ಬಣ್ಣದ ವಾಸನೆಯೂ ಬೆರೆತಿತ್ತು. ಹಜಾರಕ್ಕೆ ಅಡ್ಡಲಾಗಿ ಕಟ್ಟಿದ್ದ ಪರದೆಯ ಅಂಚು ಎತ್ತಿ ಒಳಗೆ ನುಸುಳಿದಾಗ ಮೊದಲು ಕಂಡದ್ದು ಖಾಲಿ ಕುರ್ಚಿ. ಪರದೆಯೊಳಗೆ ಬರಲು ಇನ್ನಾರಿಗೂ ಬಿಡದಿದ್ದರೂ ಮಾವನಿಗೆ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಅವರು ದಿನವೂ ಬೆಳಿಗ್ಗೆ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಎಡಗೈ ಜೇಬಿನಲ್ಲಿ, ಬಲಗೈ ಮೊಣಕಾಲ ಮೇಲೆ. ಆ ಎಡಗೈ ಸದಾ ಜೇಬಿನಲ್ಲೇ. ಫೋಟೋಗಳಲ್ಲೂ ಅಷ್ಟೇ, ಮೊಮ್ಮಗಳನ್ನು ಆಡಿಸುವಾಗಲೂ ಅಷ್ಟೇ. ಅದು ದೊಡ್ಡಸ್ತಿಕೆ ಎಂದು ಪೇಂಟರ್ ಎಂದೋ ತೀರ್ಮಾನಿಸಿದ್ದ. ಒಂದೇ ಕೈಯಲ್ಲಿ ಲೋಕವನ್ನು ನಿಭಾಯಿಸಬಲ್ಲೆ ಎಂಬ ಗತ್ತು. ಬಂದು, ಕೂತು, ಗೋಡೆಯನ್ನು ನೋಡಿ, ಒಂದೂ ಮಾತಾಡದೆ ಎದ್ದು ಹೋಗುತ್ತಿದ್ದರು. ಮೊದಲ ದಿನ ಮಾತ್ರ ಗಂಟಲಲ್ಲಿ ಏನೋ ಸದ್ದು ಮಾಡಿದ್ದರು. ಅದು ಕೆಮ್ಮೋ ನಗುವೋ ಎಂದು ಪೇಂಟರ್ ಊಟ ಬಿಟ್ಟು ಯೋಚಿಸಿದ್ದ. ಇವತ್ತು ಅವರು ಬಂದಿಲ್ಲ ಎನ್ನುವುದು ಇನ್ನೂ ಕೆಟ್ಟದಾಗಿತ್ತು. ಗೋಡೆಯ ಮೇಲೆ ಇಬ್ಬರೂ ಕಾಯುತ್ತಿದ್ದರು. ಹಳೆಯ ಫೋಟೋಗಳಿಂದ ತೆಗೆದ ಮುಖಗಳು, ಬೀರುವಿನ ಕನ್ನಡಿಯಿಂದ ತೆಗೆದ ಮೈಗಳು. ಸುತ್ತಿಗೆಯ ಹಿಂದಿನ ಕೈ ಹೆಗಲಿನಿಂದ ಮೊಣಕೈತನಕ ಬಂದು ಅಲ್ಲಿಗೆ ನಿಂತಿತ್ತು. ಮುಂದೆ ಬಿಳೀ ಗೋಡೆ. ಆ ಬಿಳಿಯಲ್ಲೇ ಪಂದ್ಯದ ತೀರ್ಮಾನವಿತ್ತು. ಅವನು ಕುಂಚ ಅದ್ದಿದ, ನೋಡಿದ, ಒರೆಸಿದ. ಇನ್ನೇನೂ ತೋಚದೆ, ಬಣ್ಣ ಸಿಡಿಯದಿರಲೆಂದು ಎದುರುಗೋಡೆಯ ದೊಡ್ಡ ಕನ್ನಡಿಗೆ ಅಂಟಿಸಿದ್ದ ಹಳೇ ಪೇಪರುಗಳನ್ನು ಕೀಳತೊಡಗಿದ. ಕೆಲಸ ಮಾಡಲು ಹೆದರಿದವನಿಗೆ ಗುಡಿಸುವ ಕೆಲಸ ಯಾವಾಗಲೂ ಸಿಗುತ್ತದೆ. ಹುಡುಗರು ತಮ್ಮ ನಿಲುವು ನೋಡಿಕೊಂಡು ಮುಷ್ಟಿ ಬೀಸುವ ಕನ್ನಡಿ ಅದು, ಈ ತುದಿಯಿಂದ ಆ ತುದಿಯವರೆಗೆ. ಕೊನೆಯ ಪೇಪರು ಹರಿದು ಬರುವ ಹೊತ್ತಿಗೆ ಯಾರೋ ಪರದೆಯಾಚೆ ಕೆಮ್ಮಿದರು.

ನೆರಳು ಬಂದಿದ್ದ. ಈಗ ಅವನಿಗೆ ನಡುಪ್ರಾಯ, ಡ್ರೈವಿಂಗ್ ಶಾಲೆ ನಡೆಸುತ್ತಾನೆ, ಅದರ ಬೋರ್ಡು ಬರೆದವನೂ ಪೇಂಟರೇ. ಬಲು ಸಾಧು. ಒಳಗೆ ಬರುವ ಮುಂಚೆ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕಸುಬಿನ ಅಭ್ಯಾಸದಂತೆ ಕನ್ನಡಿ ನೋಡಿದ. ಅದರೊಳಗೆ ಗೋಡೆಯ ಚಿತ್ರ ಕಂಡದ್ದೇ ಅಲ್ಲೇ ನಿಂತುಬಿಟ್ಟ. "ಅಣ್ಣಾ! ನಾನೇ ಕಣಣ್ಣ ಇದು! ಈ ಹೆಗಲು, ಈ ಕಾಲು... ಆಹಾ, ಆ ಹಿಂದೆ ಇಟ್ಕೊಂಡಿರೋ ಎಡಗೈ ನೋಡಿ!" ಪೇಂಟರನಿಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಪೇಪರುಗಳನ್ನು ಎದೆಗೆ ಅವಚಿಕೊಂಡ. ಆಮೇಲೆ ನೆರಳು ನಗುನಗುತ್ತಾ ಗೋಡೆಯ ಕಡೆ ತಿರುಗಿದ. ನಗು ಮುಖದಲ್ಲೇ ಉಳಿದು ಕಣ್ಣಿನಿಂದ ಹೋಯಿತು. ಮತ್ತೆ ಕನ್ನಡಿ ನೋಡಿದ, ಮತ್ತೆ ಗೋಡೆ ನೋಡಿದ, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಯಾವುದು ಯಾವುದೆಂದು ಖಾತ್ರಿ ಮಾಡಿಕೊಂಡ. "ಅಣ್ಣ, ಬೇಜಾರು ಮಾಡ್ಕೋಬೇಡಿ. ನಾನು ಎಡಚ. ಗೋಡೆ ಮೇಲೆ ಬಲಗೈಯವನು ಆಗಿದ್ದೀನಿ."

ಪೇಂಟರನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು, ಅರ್ಥವಾದದ್ದನ್ನು ನಂಬಲು ಇನ್ನೊಂದು. ಬೀರುವಿನ ಮುಂದೆ ಸುತ್ತಿಗೆಯಾಗಿ ನಿಂತಾಗ ತನ್ನ ಬಲಗೈ ಹಿಂದಿತ್ತು, ನೆರಳಾಗಿ ನಿಂತಾಗ ಎಡಗೈ. ನಿಂತದ್ದು ಸರಿಯಾಗಿಯೇ. ಬರೆದದ್ದು ಕನ್ನಡಿಯೊಳಗಿನವನನ್ನು. ಅಂಗಡಿಗಳ ಗಾಜಿನ ಒಳಮೈಯಲ್ಲಿ ಅಕ್ಷರಗಳನ್ನು ತಿರುಗಿಸಿ ತಿರುಗಿಸಿ ಬರೆದು ಹೊಟ್ಟೆ ಹೊರೆದವನು, ಹೊರಗಿನವರಿಗೆ ನೆಟ್ಟಗೆ ಕಾಣಬೇಕಾದರೆ ಒಳಗೆ ಸೊಟ್ಟಗೆ ಬರೆಯಬೇಕೆಂದು ಊರಿಗೇ ಪಾಠ ಹೇಳಬಲ್ಲವನು, ಮನೆಯ ಬೀರುವಿನ ಮುಂದೆ ಬೇಸ್ತು ಬಿದ್ದಿದ್ದ. ಅವನು ಬಣ್ಣದ ಡಬ್ಬದ ಮೇಲೆ ಕುಸಿದು ಕೂತ. ನೆರಳು ಎಡಚನಾಗಿ ಉಳಿದಿಲ್ಲವೆಂದರೆ ಸುತ್ತಿಗೆ? ಸುತ್ತಿಗೆಯ ಬಲಗೈಯೇ ಎಡಗೈಯಾಗಿ ಹಿಂದೆ ಸರಿದು ನಿಂತಿತ್ತು. ಬಲಗೈಗಾಗಿಯೇ ಹೆಸರಾದ ಮನುಷ್ಯನನ್ನು ಎಡಚನಾಗಿ ಮಾಡಿ ಗೋಡೆಯೆತ್ತರಕ್ಕೆ ನಿಲ್ಲಿಸಿದ್ದ. ಮಾವ ದಿನವೂ ಅದನ್ನೇ ನೋಡುತ್ತಾ ಕೂತಿದ್ದರು. ನೋಡಿದ್ದರು, ತಿಳಿದಿದ್ದರು, ಬಾಯಿ ಬಿಟ್ಟಿರಲಿಲ್ಲ. ಮೊದಲ ದಿನದ ಆ ಸದ್ದು ನಗುವೇ. ಸಂಜೆ ಪರದೆ ಸರಿಯಲಿ, ಊರು ಸೇರಲಿ, ಮಗಳ ಗಂಡನ ಮಾನ ಎಲ್ಲರೆದುರು ಹೋಗಲಿ ಎಂದು ಕಾಯುತ್ತಿದ್ದರೆ? ಅವನಿಗೆ ಅಳು ಬರುವ ಹಾಗಾಯಿತು. ಮದುವೆಯ ಆಲ್ಬಮ್ಮಿನಲ್ಲಿ ಮಾವನ ಪಕ್ಕ ತಾನು ಅರ್ಧ ಮಾತ್ರ ಕಾಣುವ ಒಂದು ಫೋಟೋ ಇದೆ, ಉಳಿದರ್ಧ ಅವರ ಹೆಗಲಿನ ಹಿಂದೆ. ಅದನ್ನು ತೆಗೆದವನ ಮೇಲೂ ಈಗ ಸಿಟ್ಟು ಬಂತು. "ಒಂದು ಲೋಟ ನೀರು ತರ್ಲಾ?" ಎಂದು ನೆರಳು ಕೇಳುತ್ತಿದ್ದ. ಅವಮಾನವಾದದ್ದು ತನಗೆ ಎನ್ನುವುದನ್ನೇ ಮರೆತಿದ್ದ, ಪಾಪ.

ನೀರು ಬರುವ ಮೊದಲೇ ಮಾವ ಬಂದರು. ಗರಿಗರಿ ಇಸ್ತ್ರಿಯ ಅಂಗಿ, ಆಗತಾನೇ ಬೋಳಿಸಿಕೊಂಡ ಗಲ್ಲ. ಬೆಳಿಗ್ಗೆ ಬಾರದಿದ್ದಕ್ಕೆ ಕಾರಣ ಕ್ಷೌರದಂಗಡಿ ಅಷ್ಟೇ. ಅವರ ಹಿಂದೆ ಊಟದ ಡಬ್ಬಿ ಹಿಡಿದುಕೊಂಡು ಹೆಂಡತಿ. ಮಾವ ಕುರ್ಚಿಯಲ್ಲಿ ಕೂತು, ಎಡಗೈ ಜೇಬಿಗಿಳಿಸಿ, ಬಿಳೀ ಜಾಗವನ್ನು ನೋಡಿದರು. "ಇನ್ನೂ ಕೈ ಇಟ್ಟಿಲ್ವಾ?" ಎಂದರು. ಪೇಂಟರನೊಳಗೆ ಇಷ್ಟು ವರ್ಷ ಗಟ್ಟಿಯಾಗಿ ಮುಚ್ಚಿದ್ದ ಯಾವುದೋ ಮುಚ್ಚಳ ಹಾರಿತು.

"ಯಾವ ಕೈ ಇಡ್ಲಿ ಮಾವ? ಹೇಳಿ, ಯಾವ ಕೈ? ಮೊದಲ ದಿನವೇ ನೋಡಿದ್ರಲ್ಲ ನೀವು, ಎಲ್ಲಾ ಉಲ್ಟಾ ಆಗಿದೆ ಅಂತ. ಒಂದು ಮಾತು ಹೇಳೋಕೆ ಏನಾಗಿತ್ತು?"

ಹೆಂಡತಿ ಡಬ್ಬಿಯನ್ನು ನೆಲಕ್ಕಿಟ್ಟಳು. ಈ ಮನೆತನದಲ್ಲಿ ಸುತ್ತಿಗೆಗೆ ಎದುರು ದನಿ ಎತ್ತಿದವರಿರಲಿಲ್ಲ. ಮಾವ ಅವನನ್ನು ನೋಡಿದರು, ಪಂದ್ಯಗಳಲ್ಲಿ ತಿರುಗಿ ನೋಡುತ್ತಿದ್ದ ಹಾಗೆಯೇ ನಿಧಾನವಾಗಿ.

"ಹೇಳಿದ್ರೆ ನೀನು ಅದನ್ನ ಅಳಿಸಿಬಿಡ್ತಿದ್ದೆ" ಎಂದರು.

ಮಾವ ಜೇಬಿನಿಂದ ಎಡಗೈ ತೆಗೆದರು. ತೆಗೆದು, ಮೊಣಕಾಲ ಮೇಲೆ ಬಲಗೈಯ ಪಕ್ಕದಲ್ಲಿ ಇಟ್ಟರು. ಬಲಗೈಯ ಗೆಣ್ಣುಗಳೆಲ್ಲ ಚಪ್ಪಟೆಯಾಗಿ ಹಳೇ ಬಾಗಿಲ ಬೋಲ್ಟಿನ ಹಾಗಿದ್ದವು. ಎಡಗೈ ಅಷ್ಟು ಕೆಟ್ಟಿರಲಿಲ್ಲ. "ನಾನು ಹುಟ್ಟಿದ್ದು ಎಡಚ" ಎಂದರು. "ನಮ್ಮ ಕಾಲದಲ್ಲಿ ಎಡಚನ ಎದುರು ಯಾರೂ ಆಡ್ತಿರಲಿಲ್ಲ. ಪಂದ್ಯಾನೇ ಸಿಗ್ತಿರಲಿಲ್ಲ. ನನ್ನ ಗುರು ಈ ಕೈಯನ್ನ ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿ, ಬಲಗೈಗೆ ಎಲ್ಲಾ ಕಲಿಸಿದ. ಪಂದ್ಯದಲ್ಲಿ ಇದು ಮುಂದೆ ನಿಂತು ಬರೀ ಬಾಗಿಲು ಕಾಯ್ತಿತ್ತು. ಹಗ್ಗ ಬಿಚ್ಚಿದ ಮೇಲೆ ಹೊರಗಡೆ ಇದಕ್ಕೆ ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಾಗಲಿಲ್ಲ. ಜೇಬಿಗೆ ಹೋಯ್ತು." ಹೆಂಡತಿ "ಅಪ್ಪಾ" ಎಂದಳು, ಅಷ್ಟೇ ಎಂದಳು. ನೀರಿನ ಲೋಟ ಹಿಡಿದುಕೊಂಡು ಬಂದಿದ್ದ ನೆರಳು ಕೇಳಿದ: "ಹಾಗಾದ್ರೆ ಆ ಬಲಗೈ? ಅಷ್ಟು ಜನರನ್ನ ಮಲಗಿಸಿದ್ದು?" "ಅದು ಕಲಿತ ಕೈ. ಇದು ಹುಟ್ಟಿದ ಕೈ" ಎಂದು ಮಾವ ಗೋಡೆಯ ಕಡೆ ಗಲ್ಲ ಎತ್ತಿದರು. "ಮೊದಲ ದಿನ ಬಂದು ನೋಡ್ತೀನಿ, ನನ್ನ ಎಡಗೈ ಹಿಂದೆ ಹೋಗಿ ತಯಾರಾಗಿ ನಿಂತಿದೆ. ಯಾರಿಗೂ ಹೇಳಿರಲಿಲ್ಲ, ಇವಳಮ್ಮನಿಗೂ ಹೇಳಿರಲಿಲ್ಲ. ನಗು ಬಂತು. ಅಳುನೂ ಬಂತು ಅನ್ನು."

"ನಾನು ಬೇಕಂತ ಮಾಡಿದ್ದಲ್ಲ ಮಾವ" ಎಂದ ಪೇಂಟರ್. ಸುಳ್ಳು ಮರ್ಯಾದೆ ಬೇಡವೆನಿಸಿತ್ತು. "ಬೀರು ಕನ್ನಡಿ ನೋಡ್ಕೊಂಡು..."

"ಗೊತ್ತಿಲ್ವಾ ನನಗೆ? ನಿನಗೆ ಬಾಕ್ಸಿಂಗ್ ಏನು ಗೊತ್ತು. ಮುಖ ನಂದು ಬರೆದಿದ್ದೀಯ, ಹೊಟ್ಟೆ ನಿಂದೇ ಇದೆ."

ಮೊದಲು ನಕ್ಕಿದ್ದು ಹೆಂಡತಿ. ನಗುತ್ತಾ ಕಣ್ಣೊರೆಸಿಕೊಂಡು, ಅಪ್ಪ ಗೋಡೆಗೆ ಮೊಳೆ ಹೊಡೆಯುವಾಗ ಯಾರೂ ಇಲ್ಲವೆಂದುಕೊಂಡು ಸುತ್ತಿಗೆಯನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಿದ್ದುದನ್ನು ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ನೋಡಿದ್ದೆ ಎಂದಳು. ಪೇಂಟರನ ತಲೆಯೊಳಗಿನ ಪಂದ್ಯ ಆ ಗದ್ದಲದಲ್ಲೇ ಮೊದಲಿನಿಂದ ಶುರುವಾಗಿತ್ತು. ಊರೆಲ್ಲ ಜಗಿದ ಪ್ರಶ್ನೆಯೇ ತಪ್ಪಾಗಿತ್ತಲ್ಲ! ಸುತ್ತಿಗೆ ಇಲ್ಲಿಯತನಕ ಆಡಿದ್ದು ತನ್ನ ಎರಡನೇ ಕೈಯಲ್ಲಿ. ಮೊದಲನೇ ಕೈಯ ಹೊಡೆತವನ್ನು ಯಾರೂ ತಿಂದಿಲ್ಲ, ಯಾರೂ ತಪ್ಪಿಸಿಕೊಂಡಿಲ್ಲ, ಯಾರೂ ಕಂಡೇ ಇಲ್ಲ. ಅವನಿಗೆ ಅದನ್ನು ನೋಡಬೇಕೆನಿಸಿತು. ತನಗೇ ಆಶ್ಚರ್ಯವಾಯಿತು, ಹೊಡೆತವೊಂದನ್ನು ನೋಡಬೇಕೆಂದು ಅವನಿಗೆ ಎಂದೂ ಅನಿಸಿದ್ದಿಲ್ಲ. "ಮಾವ, ಆ ಕೈ ಎಲ್ಲಿ ಹೋಗುತ್ತೆ?" ಎಂದು ಕೇಳಿದ.

ಮಾವ ಎದ್ದರು. ಮೊಣಕಾಲು ಲಟಲಟ ಎಂದಿತು. ಅಂಗಿಯ ತೋಳು ಮಡಿಸಿ, ಗೋಡೆಯ ಮೇಲಿನ ತಮ್ಮ ಚಿತ್ರದ ಹಾಗೆಯೇ ಬಲಗಾಲು ಮುಂದಿಟ್ಟು, ಎಡಗೈ ಹಿಂದಕ್ಕೆ ತೆಗೆದುಕೊಂಡು "ಬಾಪ್ಪ" ಎಂದು ನೆರಳನ್ನು ಕರೆದರು. ನೆರಳು ಡ್ರೈವಿಂಗ್ ಶಾಲೆಯ ಗುರುತಿನ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ನೀರಿನ ಲೋಟವನ್ನು ಕುರ್ಚಿಯ ಮೇಲಿಟ್ಟು, ಎದುರು ಬಂದು ನಿಂತ. ಒಬ್ಬನಿಗೆ ಮೊಮ್ಮಗಳಿದ್ದಾಳೆ, ಇನ್ನೊಬ್ಬನಿಗೆ ಬೆನ್ನುನೋವು. "ಹುಷಾರು ಅಪ್ಪ" ಎಂದಳು ಹೆಂಡತಿ. "ಅವನಿಗೆ ಹೇಳು" ಎಂದರು ಮಾವ. ಪೇಂಟರ್ ಕಣ್ಣು ಬಿಟ್ಟುಕೊಂಡೇ ಇದ್ದ. ಮಾವನ ಹಿಮ್ಮಡಿ ನೆಲದ ಮೇಲೆ ಒಂದಿಷ್ಟು ತಿರುಗಿತು, ಸೊಂಟ ತಿರುಗಿತು, ಹೆಗಲು ಬಂತು, ಎಲ್ಲದರ ಹಿಂದೆ ಎಲ್ಲಿಂದಲೋ ಆ ಕೈ ಬಂತು. ಬಲಗೈಯ ಹೊಡೆತಗಳನ್ನು ಊರು ವರ್ಣಿಸುತ್ತಿದ್ದ ಹಾಗೆ ಭಾರವಾಗಿ ಅಲ್ಲ. ಬಾಗಿಲು ತೆರೆದಾಗ ಮನೆಯೊಳಗಿನ ನಾಯಿ ಅಂಗಳಕ್ಕೆ ಓಡುವ ಹಾಗೆ, ಖುಷಿಯಿಂದ. ನೆರಳಿನ ತಲೆ ಪಕ್ಕಕ್ಕೆ ಸರಿದಿತ್ತು. ಮುಷ್ಟಿ ಅವನ ಕಿವಿಯನ್ನು ಸವರಿಕೊಂಡಂತೆ ಹೋಗಿ, ಆಚೆ ನಿಂತಿತ್ತು.

"ನನಗೆ ಕಾಣಿಸಲಿಲ್ಲ" ಎಂದ ನೆರಳು, ಬಿಳಿಚಿಕೊಂಡು. "ಕತ್ತು ತಾನಾಗೇ ಹೋಯ್ತು. ಆಣೆ ಮಾಡಿ ಹೇಳ್ತೀನಿ, ಕಾಣಿಸಲೇ ಇಲ್ಲ."

ಮಾವನ ಮುಖ ನೋಡುವ ಹಾಗಿತ್ತು. ಗೆದ್ದ ಪಂದ್ಯಗಳ ಯಾವ ಫೋಟೋದಲ್ಲೂ ಅಂಥ ಮುಖವಿರಲಿಲ್ಲ. "ಹೀಗೇ ಬರಿ" ಎಂದರು. "ತಗಲೋದು ಬೇಡ."

"ಯಾಕಪ್ಪ? ತಗಲಲಿ!" ಎಂದಳು ಹೆಂಡತಿ, ತಡೆಯಲಾರದೆ.

"ತಗಲಿದ್ರೆ ಮುಗೀತು ಕಣೇ. ನನ್ನ ಪಂದ್ಯ ಎಲ್ಲಾ ಬೇಗ ಬೇಗ ಮುಗಿದುಹೋದವು. ಇವನ ಜೊತೆ ಸ್ವಲ್ಪ ಹೊತ್ತು ಆಡೋಣ."

"ಹಾಗೇ ಇರಿ ಮಾವ, ಕೈ ಇಳಿಸಬೇಡಿ" ಎಂದು ಪೇಂಟರ್ ಕುಂಚ ಎತ್ತಿಕೊಂಡ. ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ಬರೆದದ್ದು ಅದೇ ಮೊದಲು. ಕನ್ನಡಿಯಿಲ್ಲದೆ, ಊಹೆಯಿಲ್ಲದೆ. ಮುಷ್ಟಿಯ ಮೇಲೆ ಎದ್ದು ನಿಂತ ನರ, ಹೆಬ್ಬೆರಳು ಬೆರಳುಗಳ ಮೇಲೆ ಮಡಚಿಕೊಳ್ಳುವ ರೀತಿ, ಮಣಿಕಟ್ಟಿನ ಸಣ್ಣ ನಡುಕ, ಎಲ್ಲವನ್ನೂ ನೋಡಿದ, ಒಮ್ಮೆಯೂ ಕಣ್ಣು ತಪ್ಪಿಸದೆ. ಸುತ್ತಿಗೆಯ ತೋಳು ನೋಯುತ್ತಿರಬೇಕು, ಅವರು ಇಳಿಸಲಿಲ್ಲ. ನೆರಳೂ ಕತ್ತು ಓರೆ ಮಾಡಿಕೊಂಡು ಹಾಗೇ ನಿಂತಿದ್ದ, ಬೆನ್ನುನೋವಿನವನು. ಕೋಚಮ್ಮ ಪರದೆ ಎತ್ತಿ ಇಣುಕಿ, ಇಬ್ಬರು ಚಾಂಪಿಯನ್ನರು ಗೊಂಬೆಗಳಂತೆ ನಿಂತಿರುವುದನ್ನು ಕಂಡು, ಸೀಟಿ ಬಾಯಿಗೆ ಕೊಂಡೊಯ್ದು, ಊದದೆ ವಾಪಸ್ಸು ಹೋದಳು. "ಆಯ್ತಾ?" ಎಂದು ಮಾವ ಕೇಳಿದರು. ಆಗಿತ್ತು. "ಇನ್ನೊಂಚೂರು ಮಾವ" ಎಂದ ಪೇಂಟರ್.

ಸಂಜೆ ಪರದೆ ಸರಿದಾಗ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಓ ಎಂದು ಕೂಗು, ಆಮೇಲೆ ಚಪ್ಪಾಳೆ, ಆಮೇಲೆ ಪಿಸುಪಿಸು. ಕಬ್ಬಿಣದಂಗಡಿಯವನ ದನಿ ಎಲ್ಲರಿಗಿಂತ ಮೇಲೆ ಎದ್ದಿತು. "ಏನ್ರೀ ಇದು? ಸುತ್ತಿಗೆ ಎಡಗೈಲಿ ಹೊಡೀತಿದ್ದಾರೆ! ನೆರಳು ಬಲಗೈಯವನು! ಎಲ್ಲಾ ತಿರುಗು ಮುರುಗು!" ಕೆಲವರು ನಕ್ಕರು. ನೆರಳು ಜನರ ನಡುವೆ ದಾರಿ ಮಾಡಿಕೊಂಡು ಎದುರು ಕನ್ನಡಿಯ ಹತ್ತಿರ ಹೋಗಿ, "ಇಲ್ಲಿ ನೋಡಿ, ಇಲ್ಲಿ ಸರಿಯಾಗಿದೆ. ನಾನು ಕನ್ನಡೀಲೇ ನೋಡ್ಕೋತೀನಿ, ನನಗೆ ಅಭ್ಯಾಸ ಇದೆ" ಎಂದ. ಅರ್ಧ ಜನ ಕನ್ನಡಿಗೆ ತಿರುಗಿದರು, ಅರ್ಧ ಜನ ಗೋಡೆಗೆ, ಬೆನ್ನಿಗೆ ಬೆನ್ನು ಹಾಕಿ ನಿಂತು ಹೊಡೆತ ತಗಲಿತೋ ಇಲ್ಲವೋ ಎಂದು ಜಗಳ ಶುರು ಮಾಡಿದರು. ಪೇಂಟರ್ ಏಣಿಯ ಹಿಂದೆ ನಿಂತಿದ್ದ, ಫೋಟೋದಲ್ಲಿದ್ದ ಹಾಗೆ ಅರ್ಧ ಮಾತ್ರ ಕಾಣುತ್ತಾ. ಕಬ್ಬಿಣದಂಗಡಿಯವನು ಬಿಡಲಿಲ್ಲ. "ಅಲ್ರೀ, ಇದನ್ನ ಬರೆದಿದ್ದು ಯಾರು ಅಂತ?"

ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ಎದ್ದು ತಿರುಗಿದರು. ಗದ್ದಲ ನಿಂತಿತು. ಎಡಗೈ ಜೇಬಿನಿಂದ ಹೊರಗಿತ್ತು, ಗೆಣ್ಣುಗಳ ಮೇಲೆ ಬಣ್ಣದ ಕಲೆ. ಒಣಗುವ ಮುಂಚೆ ಗೋಡೆಯ ಮುಷ್ಟಿಯನ್ನು ಯಾರೂ ನೋಡದಾಗ ಮುಟ್ಟಿದ್ದಿರಬೇಕು. ಆ ಕೈಯನ್ನು ಎತ್ತಿ ಏಣಿಯ ಕಡೆ ತೋರಿಸಿದರು.

"ನನ್ನ ಅಳಿಯ" ಎಂದರು. "ಅವನಿಗೆ ಬಾಕ್ಸಿಂಗ್ ಗೊತ್ತಿಲ್ಲ."